ಕಾರೆಹಡ್ಲು ಡಿಪೋದ ಆನೆ

ದೂರು ಬಂದದ್ದು ೧೯೪೩ನೇ ಇಸವಿ ಫೆಬ್ರವರಿ ಹದಿನಾರನೇ ತಾರೀಕು, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ. ತಂದವರು ಸ್ವತಃ ಡಾಬ್ಸನ್ ದೊರೆ. ದೊರೆಗಳು ಠಾಣೆಗೆ ಬರುವ ಪದ್ಧತಿ ಇರಲಿಲ್ಲ. ಅವರು ಚೀಟಿ ಕಳುಹಿಸುತ್ತಿದ್ದರು, ಠಾಣೆಯೇ ಎದ್ದು ಹೋಗುತ್ತಿತ್ತು. ಅಂದು ಮಾತ್ರ ಕಾರಿನಿಂದ ಇಳಿದು, ಟೋಪಿಯನ್ನೂ ತೆಗೆಯದೆ, ಇನ್ಸ್‌ಪೆಕ್ಟರ್ ಬೆಳ್ಳಿಯಪ್ಪನವರ ಮೇಜಿನ ಮುಂದೆ ಬಂದು ಕೂತರು. ಯಾರೋ ದೊಡ್ಡವರೇ ಸತ್ತಿರಬೇಕು ಎಂದು ಹೆಡ್ ಕಾನ್‌ಸ್ಟೇಬಲ್ ದೇರಪ್ಪ ಬಾಗಿಲಲ್ಲಿ ನಿಂತು ಅಂದುಕೊಂಡ. ಸತ್ತದ್ದು ಆನೆ.

"ಚೆಲುವ ಸತ್ತುಹೋಯ್ತು. ವಿಷ ಹಾಕಿದ್ದಾರೆ," ಎಂದರು ದೊರೆ. ಇಪ್ಪತ್ತು ವರ್ಷ ಕೊಡಗಿನಲ್ಲಿದ್ದು ಅವರ ಕನ್ನಡ ಕೂಲಿಗಳನ್ನು ಬೈಯುವಷ್ಟು ಚೆನ್ನಾಗಿ ಬೆಳೆದಿತ್ತು. ಅದಕ್ಕಿಂತ ಹೆಚ್ಚು ಅವರಿಗೆ ಬೇಕಾಗಿಯೂ ಇರಲಿಲ್ಲ.

"ಯಾರು ಹಾಕಿದ್ದು?"

"ಮಾವುತ. ಪಾಪ ಅಂತ ಹೆಸರು."

"ನೋಡಿದವರು ಉಂಟಾ?"

"ನೋಡೋದು ಯಾಕೆ? ಆನೆಗೆ ಕೈಯಾರೆ ತಿನ್ನಿಸೋನು ಅವನೊಬ್ಬನೇ. ಮುಂದಿನ ವಾರದಿಂದ ಬೇರೆ ಮಾವುತನ್ನ ಹಾಕ್ತೀನಿ ಅಂತ ಹೇಳಿದ್ದೆ. ಅದಕ್ಕೇ ಮಾಡಿದ. ಇದು ಯುದ್ಧದ ಕೆಲಸ ಇನ್ಸ್‌ಪೆಕ್ಟರ್. ಭಾರತ ರಕ್ಷಣಾ ಕಾಯಿದೆ ಹಾಕಿ."

ಬೆಳ್ಳಿಯಪ್ಪನವರು ಆ ಕಾಯಿದೆಯನ್ನು ಸದ್ಯಕ್ಕೆ ಬದಿಗಿಟ್ಟು, ದಂಡ ಸಂಹಿತೆಯ ನಾನೂರ ಇಪ್ಪತ್ತೊಂಬತ್ತನೇ ಕಲಮಿನಂತೆ ಎಫ್‌ಐಆರ್ ಬರೆಸಿದರು. ಪರರ ಪ್ರಾಣಿಯನ್ನು ವಿಷವಿಟ್ಟು ಕೊಲ್ಲುವ ಅಪರಾಧಕ್ಕೆ ಇರುವ ಆ ಕಲಮಿನಲ್ಲಿ ಆನೆಯ ಹೆಸರು ಮೊದಲಿಗೇ ಬರುತ್ತದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ಹಿರಿಯರು ಹೇಳಿದ್ದು ಸರ್ಕಾರಕ್ಕೂ ತಿಳಿದಿತ್ತೆಂದು ಕಾಣುತ್ತದೆ.

ಕಾರೆಹಡ್ಲು ಇರುವುದು ತಿತಿಮತಿಯಿಂದ ಐದಾರು ಮೈಲಿ ಒಳಗೆ, ಕಾಡಿನ ಅಂಚಿನಲ್ಲಿ. ಡಾಬ್ಸನ್ ಅಂಡ್ ಕ್ರೇಲ್ ಟಿಂಬರ್ ಕಂಪೆನಿಯವರು ಅಲ್ಲೊಂದು ಡಿಪೋ ಮಾಡಿದ್ದರು. ಯುದ್ಧ ಶುರುವಾದ ಮೇಲೆ ರೈಲುಹಾದಿಗೆ ಹಾಸುವ ಸ್ಲೀಪರುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದು, ಮತ್ತಿ, ಹೊನ್ನೆಯಂಥ ಗಟ್ಟಿ ಮರ ಸಾಲದೆ ಹೋಯಿತು. ಹಾಗಾಗಿ ಕಾಡಿನ ಮೆದು ಮರಗಳನ್ನೇ ಕೊಯ್ದು, ದೊಡ್ಡ ಕಬ್ಬಿಣದ ಸಿಲಿಂಡರಿನಲ್ಲಿ ತುಂಬಿ, ಒತ್ತಡ ಕೊಟ್ಟು ರಾಸಾಯನಿಕ ದ್ರಾವಣವನ್ನು ಕುಡಿಸುತ್ತಿದ್ದರು. ಕೂಲಿಗಳು ಆ ಶೆಡ್ಡನ್ನು ಮದ್ದಿನ ಮನೆ ಎನ್ನುತ್ತಿದ್ದರು. ಅಲ್ಲಿ ಕೆಲಸ ಮಾಡಿದವರ ಉಗುರು ಅರಿಶಿನ ಹಚ್ಚಿದಂತೆ ಹಳದಿಯಾಗಿ, ಬೆರಳ ಸಂದಿಯಲ್ಲಿ ಮಾಯದ ಹುಣ್ಣು ಇರುತ್ತಿತ್ತು. ಮೂಗಿನೊಳಗೂ ಹುಣ್ಣಾಗುತ್ತಿತ್ತು. ಅದನ್ನು ಯಾರೂ ದೂರಾಗಿ ಬರೆಸಿರಲಿಲ್ಲ.

ಇನ್ಸ್‌ಪೆಕ್ಟರರೂ ದೇರಪ್ಪನೂ ಹನ್ನೊಂದು ಗಂಟೆಗೆ ತಲುಪಿದಾಗ ಆನೆ ಹಡ್ಲಿನ ಜೌಗು ಹುಲ್ಲಿನಲ್ಲಿ ಬಲಮಗ್ಗುಲಾಗಿ ಬಿದ್ದಿತ್ತು. ಪಂಚರನ್ನು ಕರೆದು ಸ್ಥಳ ಪಂಚನಾಮೆ ಮಾಡಿದರು. ಕಟ್ಟಿದ್ದ ಮರದ ಸುತ್ತ ನೆಲ ಉತ್ತಂತೆ ಕಿತ್ತುಹೋಗಿತ್ತು. ಕಾಲಿನ ಸರಪಳಿ ಚರ್ಮ ಹರಿದು ಮಾಂಸಕ್ಕೆ ಇಳಿದಿತ್ತು. ಮರದ ತೊಗಟೆಯನ್ನು ಆಳೆತ್ತರದವರೆಗೆ ದಂತದಿಂದ ಸುಲಿದಿತ್ತು. ಸುತ್ತಲೂ ರಕ್ತ ಬೆರೆತ ಭೇದಿ. ಎರಡು ರಾತ್ರಿ ಒಂದು ಹಗಲು ಆ ಜೀವ ಪಟ್ಟ ಪಾಡೆಲ್ಲ ನೆಲದ ಮೇಲೆ ಬರೆದಿತ್ತು, ಅದನ್ನೇ ಬೆಳ್ಳಿಯಪ್ಪನವರು ಕಾಗದಕ್ಕೆ ಇಳಿಸಿದರು. ಅವರು ಹುಲಿ, ಕಾಡುಹಂದಿ ಎಷ್ಟೋ ಹೊಡೆದಿದ್ದ ಮನುಷ್ಯ. ಆದರೂ ಆ ಪಂಚನಾಮೆ ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟರು.

ಆನೆಯ ಕಿವಿಯ ಪಕ್ಕದಲ್ಲಿ ಪಾಪ ಕೂತಿದ್ದ. ಮೂವತ್ತರ ಪ್ರಾಯದ ಜೇನುಕುರುಬ. ನೊಣ ಕೂರದಂತೆ ಸೊಪ್ಪು ಬೀಸುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತನಾದರೂ ಸೊಪ್ಪು ಬೀಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ವರ್ಷದಿಂದ ನೀನು ಇದರ ಮಾವುತ?"

"ನಮ್ಮಪ್ಪ ಇದ್ದ ಬುದ್ಧಿ ಮೊದ್ಲು. ಅವ ಸತ್ತ್ ಮೇಲೆ ನಾನು."

"ಯಾವಾಗ ಕಾಯಿಲೆಯಾಯ್ತು?"

"ಆಯಿತವಾರ ಬೈಗಾದ್ಮೇಲೆ."

"ಭಾನುವಾರ ಏನೇನು ತಿಂತು? ಒಂದೂ ಬಿಡದೆ ಹೇಳು."

"ಬಿದಿರು ಸೊಪ್ಪು. ಬಸರಿ ಕೊಂಬೆ. ಮಧ್ಯಾನ್ನ ಹೊಳೆ ನೀರು. ಸಂಜೆಗೆ ರಾಗಿ ಉಂಡೆ, ಉಪ್ಪು ಬೆಲ್ಲ ಹಾಕಿ. ನಾನೇ ಕಟ್ಟಿದ್ದು."

"ಮತ್ತೆ?"

"ಅಷ್ಟೇ ಬುದ್ಧಿ."

"ಆ ಉಂಡೆಯಲ್ಲಿ ಬೇರೆ ಏನಾದರೂ ಇತ್ತಾ?"

"ನಾ ಕೊಟ್ಟ ಉಂಡೇಲಿ ಇರ್ಲಿಲ್ಲ," ಎಂದ ಪಾಪ. ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಬೇರೆ ಮಾವುತರನ್ನೂ ಅವರ ಸಹಾಯಕರಾದ ಕವಾಡಿಗಳನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದರು. ಸೊಪ್ಪು, ಕೊಂಬೆ, ನೀರು, ರಾಗಿ ಉಂಡೆ. ಎಲ್ಲರದೂ ಅದೇ ಪಟ್ಟಿ.

ವಿರಾಜಪೇಟೆಯಿಂದ ಬಂದ ಪಶುವೈದ್ಯರು ಮಧ್ಯಾಹ್ನ ಶವಪರೀಕ್ಷೆ ಮಾಡಿದರು. ಅದಕ್ಕೆ ಮರ ಕೊಯ್ಯುವವರ ಸಹಾಯವೇ ಬೇಕಾಯಿತು. ಹೊಟ್ಟೆಯ ಒಳಪದರ ಕೆಂಪಾಗಿ ಬೆಂದಂತಿತ್ತು. "ಪಾಷಾಣದ ಲಕ್ಷಣ," ಎಂದರು ಅವರು. ಪಾಷಾಣ ಎಂದ ತಕ್ಷಣ ಎಲ್ಲರ ಕಣ್ಣೂ ಮದ್ದಿನ ಮನೆಯ ಕಡೆಗೆ ಹೋಯಿತು.

ಮದ್ದಿನ ಮನೆಯ ಯಜಮಾನಿಕೆ ತಿರುಮಲೇಶ್ವರ ಎಂಬ ತರುಣನದು. ಮಡಿಕೇರಿಯ ಅರ್ಚಕರ ಮನೆತನದವನು, ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ ಬಂದವನು. ಅವನ ಉಗುರೂ ಹಳದಿಯೇ. ಈ ಕೈಯಲ್ಲಿ ನೈವೇದ್ಯ ಮುಟ್ಟಬೇಡ ಎಂದು ತಂದೆ ಹೇಳಿದ್ದರೆಂದು ಅವನೇ ನಗುತ್ತ ಹೇಳಿಕೊಂಡ. ನಗು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಅವನು ಇನ್ಸ್‌ಪೆಕ್ಟರರಿಗೆ ಮೂರು ಪೀಪಾಯಿಗಳನ್ನು ತೋರಿಸಿದ. ಒಂದರಲ್ಲಿ ನೀಲಿ ಹರಳು, ಒಂದರಲ್ಲಿ ಕಿತ್ತಳೆ ಬಣ್ಣದ ಹರಳು, ಇನ್ನೊಂದರಲ್ಲಿ ಬಿಳಿ ಪುಡಿ.

"ಈ ನೀಲಿ ಮೈಲುತುತ್ತ ಸರ್, ತೋಟದಲ್ಲಿ ಕಾಫಿಗೆ ಹೊಡೆಯೋದು. ಇದು ಮರಕ್ಕೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ತದೆ. ಬಿಳೀದು ಪಾಷಾಣ, ಆರ್ಸೆನಿಕ್ಕು, ಗೆದ್ದಲಿಗೆ. ಆದರೆ ಇವೆರಡನ್ನೇ ಕುಡಿಸಿದರೆ ಮೊದಲ ಮಳೆಗೇ ತೊಳೆದುಹೋಗ್ತದೆ. ಅದಕ್ಕೆ ಈ ಕೆಂಪುಪ್ಪು ಬೇಕು, ಡೈಕ್ರೋಮೇಟು. ಅದು ಮರದೊಳಗೆ ಹೋಗಿ ಅವೆರಡನ್ನೂ ಅಲ್ಲೇ ಕಚ್ಚಿ ಹಿಡಿಸ್ತದೆ. ಆಮೇಲೆ ಎಷ್ಟು ಮಳೆ ಹೊಡೆದರೂ ಬಿಡೋದಿಲ್ಲ."

"ಹಾಗಾದರೆ ಆನೆ ಸ್ಲೀಪರ್ ಎಳೆಯುವಾಗ ನೆಕ್ಕಿ ಸತ್ತಿರಬಹುದಾ?"

"ಒಣಗಿದ್ದಾದರೆ ಇಲ್ಲ. ಸಿಲಿಂಡರಿನಿಂದ ಆಗ ತಾನೇ ತೆಗೆದ ಹಸಿ ಸ್ಲೀಪರ್ ನೆಕ್ಕಿದರೆ, ತೊಟ್ಟಿ ನೀರು ಕುಡಿದರೆ ಖಂಡಿತ. ಆದರೆ ಆಗ ಮೂರೂ ಹೊಟ್ಟೆಗೆ ಹೋಗಬೇಕು. ಒಂದೇ ಹೋಗೋದಿಲ್ಲ."

ಬೆಳ್ಳಿಯಪ್ಪನವರು ಈ ಮಾತನ್ನು ಹಿಡಿದುಕೊಂಡರು. ಒಂದು ಹಿಡಿ ಅನ್ನ ತರಿಸಿ ತೊಟ್ಟಿಯ ದ್ರಾವಣದಲ್ಲಿ ಅದ್ದಿಸಿದರು. ಅನ್ನ ಹಸಿರು ಮಿಶ್ರಿತ ಹಳದಿಯಾಯಿತು. ಆನೆಯ ಹೊಟ್ಟೆಯಲ್ಲಿ ಸಿಕ್ಕ ಅರೆಜೀರ್ಣದ ಮುದ್ದೆಯಲ್ಲಿ ಅಂಥ ಬಣ್ಣ ಕಂಡಿರಲಿಲ್ಲ. ಆದರೂ ಬರಿಗಣ್ಣಿನ ಸಾಕ್ಷಿ ನ್ಯಾಯಾಲಯಕ್ಕೆ ಸಾಲದು. ಒಳಾಂಗಗಳನ್ನು ಜಾಡಿಗಳಲ್ಲಿ ತುಂಬಿ, ಅರಗಿನ ಮುದ್ರೆ ಹಾಕಿ ಮದರಾಸಿನ ಸರ್ಕಾರಿ ರಸಾಯನ ಪರೀಕ್ಷಕರಿಗೆ ಕಳುಹಿಸುವಾಗ, ಪಾಷಾಣದ ಜೊತೆಗೆ ತಾಮ್ರ ಮತ್ತು ಕ್ರೋಮಿಯಂ ಇದೆಯೇ ಎಂಬುದನ್ನೂ ನೋಡಬೇಕೆಂದು ಕೋರಿ ಬರೆದರು.

ಅಷ್ಟರಲ್ಲಿ ದೊರೆ ಮಡಿಕೇರಿಗೆ ಫೋನ್ ಮಾಡಿಯಾಗಿತ್ತು. ಸಂಜೆ ಸೂಪರಿಂಟೆಂಡೆಂಟರ ತಂತಿ ಬಂತು: ಮಾವುತನನ್ನು ಬಂಧಿಸಿ. ದೊಡ್ಡವರು ಹೇಳಿದ್ದೇ ವೇದ. ಪಾಪನ ಕೈಗೆ ಕೋಳ ಹಾಕುವಾಗ ದೇರಪ್ಪ ತಗ್ಗಿದ ದನಿಯಲ್ಲಿ ಹೇಳಿದ:

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ಸರ್ ಇದು."

"ಗೊತ್ತುಂಟು ದೇರಪ್ಪ. ಆದರೆ ಇವನು ಬಾಯಿ ಯಾಕೆ ಬಿಡೋದಿಲ್ಲ? ತಪ್ಪು ಮಾಡದವನು ಕೂಗಾಡ್ತಾನೆ. ಇವನು ಸುಮ್ಮನೆ ಕೈ ಚಾಚಿದ."

ಪಾಪನನ್ನು ವಿರಾಜಪೇಟೆಯ ಸಬ್ ಜೈಲಿಗೆ ಹಾಕಿದರು. ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಜೈಲಿನ ಎದುರಿನ ಮರದ ಕೆಳಗೆ ಬಂದು ಕೂತಳು. ದೊರೆಯ ಇಷ್ಟದಂತೆ ಯುದ್ಧದ ಕಾಯಿದೆ ಬಿದ್ದರೆ ಆ ಸಂಸಾರದ ಗತಿ ಏನೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಗಂಡ ಅವಳ ಹತ್ತಿರವೂ ಮಾತಾಡಲಿಲ್ಲ.

ಮದರಾಸಿನ ವರದಿ ಬಂದದ್ದು ಮಾರ್ಚ್ ಹನ್ನೆರಡರಂದು. ಪಾಷಾಣ ಇದೆ, ಹೇರಳವಾಗಿ. ತಾಮ್ರ ಇಲ್ಲ. ಕ್ರೋಮಿಯಂ ಇಲ್ಲ. ಹೊಟ್ಟೆಯಲ್ಲಿ ಬೆಂದ ಅಕ್ಕಿಯ ಅಂಶ, ತೆಂಗಿನಕಾಯಿ, ಬೆಲ್ಲ ಕಂಡುಬಂದಿವೆ.

ಬೆಳ್ಳಿಯಪ್ಪನವರು ಕೊನೆಯ ಸಾಲನ್ನು ದೇರಪ್ಪನಿಗೆ ಓದಿ ಹೇಳಿದರು.

"ಅಕ್ಕಿಯಾ?" ಎಂದ ದೇರಪ್ಪ. "ಈ ಕಾಲದಲ್ಲಿ ಮನುಷ್ಯರಿಗೇ ಅಕ್ಕಿ ಇಲ್ಲ. ರೇಷನ್ನಿಗೆ ನಿಂತು ನಿಂತು ನನ್ನ ಹೆಂಡತಿಯ ಕಾಲು ಊದಿಕೊಂಡದೆ. ಆನೆಗೆ ಯಾರು ಸರ್ ಅನ್ನ ಹಾಕಿದ್ದು?"

"ಅದೇ. ಎಲ್ಲರೂ ರಾಗಿ ಅಂದರು. ಅನ್ನ ಅಂತ ಒಬ್ಬನೂ ಹೇಳಲಿಲ್ಲ."

ಅದೇ ದಿನ ಇಬ್ಬರೂ ಮತ್ತೆ ಕಾರೆಹಡ್ಲಿಗೆ ಹೋದರು. ತೊಟ್ಟಿಯ ದ್ರಾವಣ ಎಲ್ಲ ಕೂಲಿಗಳ ಕೈಗೂ ಸಿಗುವಂಥದ್ದು. ಬರೀ ಪಾಷಾಣ ಹಾಗಲ್ಲ. ಬೆರೆಸುವ ಮೊದಲು ಅದು ಬೀಗದೊಳಗೆ ಇರುತ್ತದೆ, ಬೀಗದ ಕೈ ತಿರುಮಲೇಶ್ವರನ ಸೊಂಟದಲ್ಲಿ. ಹುಡುಗನ ಮುಖ ಬಿಳಿಚಿಕೊಂಡಿತು. ಇನ್ಸ್‌ಪೆಕ್ಟರರು ಕಣ್ಣೆದುರಿಗೇ ಪಾಷಾಣವನ್ನೆಲ್ಲ ತೂಗಿಸಿದರು. ಬಂದದ್ದು, ಬಳಸಿದ್ದು, ಉಳಿದದ್ದು ಎಲ್ಲವೂ ಸರಿಹೋಯಿತು. ಒಂದು ಚಿಟಿಕೆಯೂ ಕಳುವಾಗಿರಲಿಲ್ಲ.

"ಪೀಪಾಯಿ ಖಾಲಿಯಾದ ಮೇಲೆ ಎಂಥ ಮಾಡ್ತೀರಿ?"

"ತೊಳೆದು ಆ ನೀರನ್ನೂ ತೊಟ್ಟಿಗೇ ಹಾಕ್ತೇವೆ ಸರ್. ಪುಡಿ ಗಾಳಿಯ ತೇವಕ್ಕೆ ಕಟ್ಟಿಕೊಂಡು ಮೂಲೆಯಲ್ಲಿ, ತಳದಲ್ಲಿ ಹಿಡಿದಿರ್ತದೆ. ಹೊರಗೆ ಚೆಲ್ಲಿದರೆ ದನ ಸಾಯ್ತಾವೆ. ಅದು ಸ್ವಲ್ಪ ಉಪ್ಪುಪ್ಪಗೆ ನೋಡಿ, ದನಕ್ಕೆ ಆಸೆ. ಅದಕ್ಕೇ ಹಾಗೆ ನಿಯಮ ಮಾಡಿದ್ದು."

"ಆ ಕಟ್ಟಿಕೊಂಡದ್ದು ತೂಕಕ್ಕೆ ಬರ್ತದಾ?"

ತಿರುಮಲೇಶ್ವರ ತಡವರಿಸಿದ. "ಇಲ್ಲ. ಖಾಲಿ ಅಂತಲೇ ಲೆಕ್ಕ."

"ತೊಳೆಯೋದು ಯಾರು?"

"ಗಂಗಮ್ಮ. ಆ ಬಡ ಹೆಂಗಸಿನ ಮಗನನ್ನೇ ಸರ್, ಹೋದ ತಿಂಗಳು ಚೆಲುವ..." ಎಂದವನು ಅಲ್ಲಿಗೇ ನಿಲ್ಲಿಸಿದ. ತನ್ನ ಬಾಯಿಂದ ಏನು ಬಂತೆಂದು ಅವನಿಗೆ ಆಗಲೇ ತಿಳಿಯಿತು.

ಮೊಣ್ಣಪ್ಪ ಎಂಬ ಹುಡುಗ ಫೆಬ್ರವರಿ ಮೂರರಂದು ಡಿಪೋದಲ್ಲಿ ಆನೆಗೆ ಸಿಕ್ಕಿ ಸತ್ತದ್ದು ಠಾಣೆಯಲ್ಲಿ ದಾಖಲಾಗಿತ್ತು. ಕಂಪೆನಿಯ ಚೀಟಿ ನೋಡಿ ಅಪಘಾತ ಎಂದು ಬರೆದು ಮುಗಿಸಿದ್ದರು. ಚೀಟಿಯಲ್ಲಿ ಇಲ್ಲದ್ದನ್ನು ತಿರುಮಲೇಶ್ವರ ಈಗ ಹೇಳಿದ. ಆನೆಗೆ ಮದ ಬಂದಿತ್ತು. ಕೆನ್ನೆಯಲ್ಲಿ ಸೋರುತ್ತಿದೆ, ಕಟ್ಟಿಹಾಕಬೇಕು ಎಂದು ಪಾಪ ಬೆಳಿಗ್ಗೆಯೇ ಬಂಗಲೆಯ ಮುಂದೆ ನಿಂತು ಬೇಡಿಕೊಂಡಿದ್ದ. ಸ್ಲೀಪರ್ ತುಂಬಿದ ಲಾರಿಗಳು ಅಂದೇ ಮೈಸೂರಿಗೆ ಹೊರಡಬೇಕಾಗಿದ್ದರಿಂದ ದೊರೆ ಅವನ ಮಾತು ಕೇಳಲಿಲ್ಲ. ಹೆಚ್ಚು ಮಾತಾಡಿದರೆ ನಿನ್ನಿಂದ ಆನೆಯನ್ನೇ ಬಿಡಿಸುತ್ತೇನೆ ಎಂದರು. ಸರಪಳಿ ಕೊಕ್ಕೆ ಹಾಕಲು ಬಗ್ಗಿದ್ದು ಮೊಣ್ಣಪ್ಪ.

ಗಂಗಮ್ಮನ ಮನೆ ಕೂಲಿ ಲೈನುಗಳ ಕೊನೆಯಲ್ಲಿತ್ತು. ಭಾಗಮಂಡಲದ ಕಡೆಯ ಗೌಡರ ಹೆಂಗಸು, ಗಂಡ ಜ್ವರದಲ್ಲಿ ಹೋದ ಮೇಲೆ ಮಗನನ್ನು ಕಟ್ಟಿಕೊಂಡು ಕೆಲಸ ಹುಡುಕಿ ಇಲ್ಲಿಗೆ ಬಂದವಳು. ಪೊಲೀಸರು ಹೋದಾಗ ಅಂಗಳ ಗುಡಿಸುತ್ತಿದ್ದಳು. ಪೊರಕೆ ಒಂದು ಜಾಗವನ್ನು ಮಾತ್ರ ಬಿಟ್ಟು ಸುತ್ತಿ ಹೋಗುತ್ತಿತ್ತು. ಬೆಳ್ಳಿಯಪ್ಪನವರು ಬಗ್ಗಿ ನೋಡಿದರು. ಸಗಣಿ ಸಾರಿಸಿದ ನೆಲ ಹಸಿ ಇದ್ದಾಗ ಒತ್ತಿ, ಹಾಗೆಯೇ ಒಣಗಿದ ಆನೆ ಹೆಜ್ಜೆ. ಅದರ ಮೇಲೆ ಮಾಸಿದ ಅರಿಶಿನ ಕುಂಕುಮ.

"ಆನೆ ಇಲ್ಲಿಗೆ ಬಂದಿತ್ತಾ ಅವ್ವ?"

"ಬಂದಿತ್ತು ಸ್ವಾಮಿ. ತಪ್ಪೊಪ್ಪಿಸೋದಕ್ಕೆ."

"ಹಾಗೆಂದರೆ?"

ಅವಳು ಪೊರಕೆ ಗೋಡೆಗೆ ಒರಗಿಸಿ, ಪಂಚಾಂಗ ಹೇಳುವವರ ಹಾಗೆ ಸಮ ದನಿಯಲ್ಲಿ ಹೇಳಿದಳು. ಆ ಡಿಪೋದ ಮಾವುತರಲ್ಲಿ ಅದೊಂದು ಕಟ್ಟಳೆ. ಆನೆ ಮನುಷ್ಯನನ್ನು ಕೊಂದರೆ, ಮದ ಇಳಿದು ಸತ್ತವನ ಹನ್ನೊಂದನೇ ದಿನದ ಕರ್ಮ ಮುಗಿದ ಮೇಲೆ, ಅದನ್ನು ಮೀಯಿಸಿ ಆ ಮನೆ ಬಾಗಿಲಿಗೆ ಕರೆತರಬೇಕು. ಅದು ಮಂಡಿಯೂರಿ ತಲೆ ಬಗ್ಗಿಸುತ್ತದೆ. ಮನೆಯವರು ಹೆಜ್ಜೆಗೆ ಅರಿಶಿನ ಹಾಕಿ, ಅನ್ನ, ಕಾಯಿ, ಬೆಲ್ಲ ಕಲಸಿದ ಒಂದು ಉಂಡೆಯನ್ನು ತಮ್ಮ ಕೈಯಾರೆ ಬಾಯಿಗೆ ಇಡಬೇಕು. ಉಂಡೆ ತಿಂದರೆ ಋಣ ಹರಿಯಿತು. ಆಮೇಲೆ ಆ ಸಾವಿನ ಮಾತು ಯಾರೂ ಎತ್ತಬಾರದು. ಆನೆಯನ್ನು ಬಯ್ಯಬಾರದು, ಮಾವುತನನ್ನೂ ಬಯ್ಯಬಾರದು.

ಬೆಳ್ಳಿಯಪ್ಪನವರಿಗೆ ಈಗ ಅರ್ಥವಾಯಿತು. ಆನೆ ಏನು ತಿಂದಿತು ಎಂದು ಅವರು ಕೇಳಿದ್ದರು. ಮಾವುತರು ತಿಂದದ್ದನ್ನೆಲ್ಲ ಹೇಳಿದ್ದರು. ಆ ಉಂಡೆ ಅವರ ಲೆಕ್ಕದಲ್ಲಿ ಮೇವಲ್ಲ, ಕ್ಷಮೆ. ದೇವರ ತೀರ್ಥವನ್ನು ಯಾರು ಊಟದ ಪಟ್ಟಿಯಲ್ಲಿ ಸೇರಿಸುತ್ತಾರೆ? ಅದರಲ್ಲಿ ವಿಷ ಇರಬಹುದೆಂದು ಊಹಿಸುವ ತಲೆ ಆ ಜನರಿಗೆ ಇರಲೇ ಇಲ್ಲ.

"ಅದು ಭಾನುವಾರ ಅಲ್ಲವಾ?"

"ಹೌದು."

"ಉಂಡೆಗೆ ಅಕ್ಕಿ ಎಲ್ಲಿಂದ ಬಂತು?"

"ರೇಷನ್ನಿನದ್ದು ಉಳಿಸಿದ್ದೆ. ಮಗನಿಗೆ ಅಂತ ಇಟ್ಟದ್ದು ಇತ್ತು."

"ಅದಕ್ಕೆ ಏನು ಬೆರೆಸಿದೆ?"

ಗಂಗಮ್ಮ ಸುಳ್ಳು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಅನ್ನಿಸಿದಂತೆಯೂ ಕಾಣಲಿಲ್ಲ. ಒಳಗೆ ಹೋಗಿ ಒಲೆಯ ಹಿಂದಿನ ಗೂಡಿನಿಂದ ಬಾಳೆಲೆ ಕಟ್ಟಿದ ತೆಂಗಿನ ಗೆರಟೆಯೊಂದನ್ನು ತಂದು ಜಗಲಿಯ ಮೇಲಿಟ್ಟಳು. ಅದರ ತಳದಲ್ಲಿ ಬಿಳಿ ಪುಡಿ ಇತ್ತು.

"ಪೀಪಾಯಿ ಕೆರೆದದ್ದು. ಉಳಿದದ್ದು ನನಗೆ ಅಂತ ಇಟ್ಟಿದ್ದೆ. ಆಮೇಲೆ ಧೈರ್ಯ ಬರಲಿಲ್ಲ."

ತಿರುಮಲೇಶ್ವರನನ್ನು ಕರೆಸಿದರು. ಅವನು ಒಂದು ಚಿಟಿಕೆ ಪುಡಿಯನ್ನು ಕೆಂಡದ ಮೇಲೆ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿದ. ಗಾಳಿಯಲ್ಲಿ ಬೆಳ್ಳುಳ್ಳಿಯ ವಾಸನೆ ತೇಲಿ ಬಂತು. "ಪಾಷಾಣವೇ ಸರ್," ಎಂದ. ಅವನ ಕಣ್ಣು ತುಂಬಿತ್ತು. ಪಂಚರ ಮುಂದೆ ಗೆರಟೆಯನ್ನು ಜಪ್ತಿ ಮಾಡಿ ಮಹಜರು ಬರೆದು, ಹೆಬ್ಬೆಟ್ಟು ಒತ್ತಿಸಿದರು. ಸಂಜೆ ನಾಲ್ಕು ಗಂಟೆಗೆ ಗಂಗಮ್ಮನನ್ನು ಬಂಧಿಸಲಾಯಿತೆಂದು ದೇರಪ್ಪ ಬರೆದುಕೊಂಡ. ಅವಳು ಮನೆಗೆ ಬೀಗ ಹಾಕಲಿಲ್ಲ. ಬಾಗಿಲು ಎಳೆದುಕೊಂಡಳು, ಅಷ್ಟೇ.

ಲಾರಿ ಬರುವವರೆಗೆ ಪೊಲೀಸರಿಬ್ಬರೂ ಗಂಗಮ್ಮನೂ ಆ ಜಗಲಿಯ ಮೇಲೆಯೇ ಕೂತರು. ಇನ್ಸ್‌ಪೆಕ್ಟರರು ಕೇಳಬೇಕಾದದ್ದೆಲ್ಲ ಮುಗಿದಿತ್ತು. ಆದರೂ ಕೇಳಿದರು.

"ಆನೆಯ ತಪ್ಪಲ್ಲ ಅಂತ ನಿನಗೆ ಗೊತ್ತಿತ್ತು ಅಲ್ಲವಾ ಅವ್ವ?"

"ಗೊತ್ತಿತ್ತು ಸ್ವಾಮಿ. ಮದ ಬಂದ ಆನೆಗೆ ಎಂಥ ಗೊತ್ತು? ಮೊಣ್ಣಪ್ಪ ಅದಕ್ಕೆ ದಿನಾ ಬಾಳೆಹಣ್ಣು ಕೊಡ್ತಿದ್ದ."

"ಮತ್ತೆ?"

ಅವಳು ಅಂಗಳದ ಹೆಜ್ಜೆಯ ಕಡೆ ನೋಡಿದಳು.

"ಅವತ್ತು ಅದು ಇಲ್ಲಿ ಬಂದು ಮಂಡಿ ಊರಿ ತಲೆ ಬಗ್ಗಿಸಿತು. ಜನ ಎಲ್ಲ ಅತ್ತರು. ಬಗ್ಗಿಸಬೇಕಾದವರು ಬೇರೆ ಇದ್ದರು ಸ್ವಾಮಿ. ಅವರು ಆ ರಸ್ತೆಯಲ್ಲೇ ಕಾರು ನಿಲ್ಲಿಸಿ, 'ಆಯ್ತಾ, ಮುಗೀತಾ? ನಾಳೆ ಆನೆ ಕೆಲಸಕ್ಕೆ ಬರಬೇಕು' ಅಂತ ಕೇಳಿದ್ರು. ಇಳೀಲೂ ಇಲ್ಲ. ನಾನು ಉಂಡೆ ಕೊಟ್ಟ ಮೇಲೆ ಮಗನ ಮಾತು ಎತ್ತೋ ಹಾಗಿಲ್ಲ. ಕಟ್ಟಳೆ. ಅವರಿಗೂ ಅದೇ ಬೇಕಿತ್ತು. ಮೊದಲೇ ಗೊತ್ತಿತ್ತು ನಂಗೆ, ಅದಕ್ಕೇ ಪುಡಿ ಹಾಕಿಟ್ಟಿದ್ದೆ. ಅವರದ್ದು ಅಂತ ಏನಾದ್ರೂ ಒಂದು ಹೋಗಲಿ ಅಂತ. ಅವರ ಮೈ ಉರೀಲಿ ಅಂತ."

ಬೆಳ್ಳಿಯಪ್ಪನವರು ಟೋಪಿ ತೆಗೆದು ಪಕ್ಕಕ್ಕಿಟ್ಟರು.

"ನನ್ನ ಮಗ ಸತ್ತಾಗ ಪೊಲೀಸ್ ಬರಲಿಲ್ಲ," ಎಂದಳು ಗಂಗಮ್ಮ. ದೂರುವ ದನಿಯಲ್ಲಿ ಅಲ್ಲ, ಆದದ್ದನ್ನು ಹೇಳುವ ದನಿಯಲ್ಲಿ. "ಆನೆ ಸತ್ತಿದ್ದಕ್ಕೆ ನೀವು ಬಂದ್ರಿ. ಹೊಟ್ಟೆ ಕೊಯ್ದು ಮದರಾಸಿಗೆ ಕಳಿಸಿದ್ರಿ. ಅಷ್ಟು ಸಲ ಕೇಳಿದ್ರಿ ಯಾರು ಕೊಂದಿದ್ದು ಅಂತ. ನನ್ನ ಮಗನ ಬಗ್ಗೆ ಒಂದು ಸಲ ಕೇಳಿದ್ದಿದ್ರೆ..." ಅವಳು ಮಾತು ಮುಗಿಸಲಿಲ್ಲ. ದೇರಪ್ಪ ಎದ್ದು ಅಂಗಳದ ಆಚೆಗೆ ಹೋಗಿ 'ಲಾರಿ ಬಂತಾ' ಎಂದು ರಸ್ತೆ ನೋಡುವವನಂತೆ ನಿಂತುಬಿಟ್ಟ.

ಮರುದಿನ, ಶನಿವಾರ, ವಿರಾಜಪೇಟೆಯ ಮ್ಯಾಜಿಸ್ಟ್ರೇಟರ ಮುಂದೆ ಗಂಗಮ್ಮ ಹೇಳಿಕೆ ಕೊಟ್ಟಳು. ಪಾಪನ ಮೇಲಿನ ಆರೋಪ ಕೈಬಿಡಲು ಬೆಳ್ಳಿಯಪ್ಪನವರು ವರದಿ ಸಲ್ಲಿಸಿದರು. ಅದರ ಜೊತೆಗೇ ಇನ್ನೊಂದು ಕಾಗದವನ್ನೂ ಬರೆದಿದ್ದರು: ಮೊಣ್ಣಪ್ಪನ ಸಾವನ್ನು ನಿರ್ಲಕ್ಷ್ಯದಿಂದಾದ ನರಹತ್ಯೆ ಎಂದು ಡಾಬ್ಸನ್ ದೊರೆಯ ಮೇಲೆ ಹೊಸದಾಗಿ ದಾಖಲಿಸಿಕೊಳ್ಳಲು ಅಪ್ಪಣೆ ಕೇಳಿ. ಅದಕ್ಕೆ ಒಂದು ವಾರದಲ್ಲಿ ಉತ್ತರ ಬಂತು. ಯುದ್ಧ ಮುಗಿಯುವವರೆಗೆ ಇಂಥ ವಿಷಯಗಳನ್ನು ಎತ್ತತಕ್ಕದ್ದಲ್ಲ ಎಂದಿತ್ತು. ಯುದ್ಧ ಮುಗಿದ ಮೇಲೆ ಅವರು ಇನ್ನೊಮ್ಮೆ ಬರೆದರು. ಅದಕ್ಕೆ ಉತ್ತರವೇ ಬರಲಿಲ್ಲ. ಅಷ್ಟರಲ್ಲಿ ದೊರೆ ತಮ್ಮ ಸೀಮೆಗೆ ವಾಪಸು ಹೋಗಿದ್ದರು.

ಆದರೆ ಆ ಶನಿವಾರದ್ದೇ ಒಂದು ಸಂಗತಿ ಹೇಳುವುದು ಉಳಿದಿದೆ.

ಕಚೇರಿಯ ಜಗಲಿಯಲ್ಲಿ ಪಾಪನ ಕೋಳ ಬಿಚ್ಚಿದರು. ಹೆಂಡತಿ ಮಕ್ಕಳು ಗೇಟಿನ ಹತ್ತಿರ ಕಾಯುತ್ತಿದ್ದರು. ಅವನು ಅತ್ತ ಹೋಗಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಗಂಗಮ್ಮನನ್ನು ನೋಡುತ್ತ ನಿಂತ.

"ನಿನಗೆ ಗೊತ್ತಿತ್ತಾ?" ಎಂದು ಬೆಳ್ಳಿಯಪ್ಪನವರು ಕೇಳಿದರು.

"ರಾತ್ರಿ ಹೊಟ್ಟೆ ಕೆಟ್ಟಾಗ್ಲೇ ತಿಳೀತು ಬುದ್ಧಿ."

"ಮತ್ತೆ ಯಾಕೆ ಹೇಳಲಿಲ್ಲ? ಎಷ್ಟು ವರ್ಷ ಜೈಲಿಗೆ ಹೋಗ್ತಿದ್ದೆ ಗೊತ್ತುಂಟಾ?"

"ಎಂಗೆ ಹೇಳ್ಲಿ? ಆ ಅವ್ವನ ಮಗನ್ನ ನನ್ನಾನೆ ತಿಂತು. ಅವ್ವನ್ನೂ ನಾನೇ ಕೊಡೋದಾ?" ಅವನು ಕೋಳದ ಗುರುತು ಉಜ್ಜಿಕೊಂಡ. "ಉಂಡೆ ಇಟ್ಟಾಗ ಚೆಲುವ ತಿನ್ನಲಿಲ್ಲ ಬುದ್ಧಿ. ಮೂಸಿ ಕೆಳಗೆ ಬಿಟ್ಟ. ಎರಡು ಸಲ ಬಿಟ್ಟ. ತಿನ್ನದೆ ಹೋದ್ರೆ ಅವ್ವನಿಗೆ ಅವಮಾನ ಅಂತ ನಾನೇ ಎತ್ತಿ ಬಾಯಿಗೆ ಕೊಟ್ಟೆ. ತಿನ್ನು ಮಗಾ, ಅವ್ವ ಕೊಟ್ಟದ್ದು ಅಂದೆ. ನನ್ನ ಮಾತಿಗೆ ತಿಂದ."

ಗಂಗಮ್ಮ ತಲೆ ಎತ್ತಿದಳು. ಬಂಧಿಸಿದಾಗಿನಿಂದ ಅವಳು ಅತ್ತಿರಲಿಲ್ಲ. ಈಗಲೂ ಅಳದೆ, ಪಾಪನ ಕೈ ಹಿಡಿದು, ಅವನನ್ನು ಮಾತ್ರ ಕೇಳಿದಳು.

"ತುಂಬ ನೋವಾಯ್ತಾ ಅದಕ್ಕೆ?"

ಪಾಪ ಒಮ್ಮೆ ಇನ್ಸ್‌ಪೆಕ್ಟರರ ಕಡೆ ನೋಡಿದ. ಆನೆ ಕಿತ್ತ ನೆಲ, ಸುಲಿದ ಮರ, ಸರಪಳಿ ಹರಿದ ಕಾಲು ಎಲ್ಲವನ್ನೂ ಸ್ವಂತ ಕೈಯಲ್ಲಿ ಬರೆದವರು ಅವರು.

"ಇಲ್ಲ ಅವ್ವ," ಎಂದ ಪಾಪ. "ನೋವೇನೂ ಆಗ್ಲಿಲ್ಲ. ನನ್ನ ಕೈ ಮೇಲೆ ಸೊಂಡಿಲು ಇಟ್ಕಂಡು ಮಲಗಿದ. ನಿದ್ದೇಲೇ ಹೋದ."

ಗಂಗಮ್ಮ ಬೆಳ್ಳಿಯಪ್ಪನವರ ಮುಖ ನೋಡಿದಳು. ಹೌದೇ ಎಂದು ಕೇಳುವಂತೆ.

"ಹೌದು ಅವ್ವ," ಎಂದರು ಅವರು. "ನಾನೂ ನೋಡಿದೆ."